ಫೆರೆಟ್ ಕೆಮ್ಮಿದರೆ

ಫೆರೆಟ್ (ಮುಂಗುಸಿಯಂತೆ ಕಾಣುವ ಪುಟ್ಟ ಸಾಕುಪ್ರಾಣಿ) ಆರಾಮವಾಗಿ ಮಲಗಿರುವಾಗ ಪಕ್ಕೆ ಏಳುವುದನ್ನು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 33–36 ಉಸಿರು ಸಹಜ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಒಸಡು ನೀಲಿಗಟ್ಟಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ವೈದ್ಯರ ಬಳಿ ಹೊರಡಿ. ಎತ್ತಿಕೊಳ್ಳುವಾಗ ಎದೆ ಅದುಮಬೇಡಿ.

ಕೆಮ್ಮೆಲ್ಲ ಶೀತವಲ್ಲ. ವಯಸ್ಸಾದ ಫೆರೆಟ್‌ಗಳಲ್ಲಿ ಹೃದಯದ ಸ್ನಾಯು ಸೋತು ಎದೆಯಲ್ಲಿ ನೀರು ತುಂಬುವುದುಂಟು. ಎಕ್ಸ್-ರೇ, ಎಕೋ (ಹೃದಯದ ಸ್ಕ್ಯಾನ್) ಮಾಡಿಸದೆ ಅದು ಖಚಿತವಾಗದು. ಅದರ ಮಲಮೂತ್ರದ ತಟ್ಟೆಗೆ ಧೂಳೇಳುವ ಲಿಟರ್ (ತೇವ ಹೀರುವ ಹರಳು) ಬದಲು ಕಾಗದದ ಉಂಡೆ ಹಾಕಿ.

ಇನ್ನು ನಮ್ಮ ಫ್ಲೂ ಇವಕ್ಕೆ ನೇರವಾಗಿ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಪತ್ತೆಹಚ್ಚಿದ್ದೇ ಫೆರೆಟ್‌ಗಳಿಂದ. ನಮಗಾಗಿ ಅಷ್ಟು ನೋವುಂಡ ಜೀವ ಇದು! ನಿಮಗೆ ಜ್ವರ, ನೆಗಡಿ ಇದ್ದಾಗ ಮಾಸ್ಕ್ ಹಾಕಿ, ಕೈ ತೊಳೆದು ಮುಟ್ಟಿ. ಸಾಧ್ಯವಾದರೆ ಊಟ ಹಾಕುವ ಕೆಲಸ ಮನೆಯ ಬೇರೆಯವರಿಗೆ ವಹಿಸಿ.