ಮುಖವಿಲ್ಲದ ಮುಖಪುಟ

ಆ ಫೋಟೋ ಮುಖಪುಟಕ್ಕೆ ಹೋಗುವುದು ಸೋಮವಾರ ರಾತ್ರಿಯೇ ನಿಕ್ಕಿಯಾಯಿತಂತೆ. ನನಗೆ ಗೊತ್ತಾದದ್ದು ಮಂಗಳವಾರ ಬೆಳಗ್ಗೆ, ಹಲ್ಲುಜ್ಜುತ್ತಾ ಮೊಬೈಲ್ ನೋಡಿದಾಗ. ಲಾಕ್‌ಡೌನ್ ಕಾಲದಲ್ಲಿ ದಿನಸಿ ಕಿಟ್ ಹಂಚಿದ ನಮ್ಮ ತಂಡ ಈಗೊಂದು ಸ್ಮರಣ ಸಂಚಿಕೆ ತರುತ್ತಿದೆ. ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದ ಹಳೆಯ ಫೋಟೋಗಳಲ್ಲಿ ಒಂದನ್ನು ಆರಿಸಿ ನಮ್ಮ ಹಿರಿಯರು ಬರೆದಿದ್ದರು: “ಇದೇ ಇರಲಿ. ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ.”

ಹೆಸರು ಎಂದರೆ ಬಟ್ಟೆಯ ಚೀಲದ ಮೇಲೆ ಅಚ್ಚಾಗಿದ್ದ ಪ್ರಾಯೋಜಕರ ಹೆಸರು. ಅದನ್ನು ಬಿಟ್ಟರೆ ಆ ಫೋಟೋದಲ್ಲಿ ಕಾಣುವುದು ಚೀಲವನ್ನು ಎರಡೂ ಕಡೆಯಿಂದ ಹಿಡಿದ ಬೆರಳುಗಳು, ಕೆಳಗೆ ಸೀರೆಯ ಅಂಚು, ಬರಿಗಾಲು. ಮುಖ ಇರಬೇಕಾದ ಕಡೆ ಚೀಲವಿದೆ. “ಇವರ್ಯಾರು ನಾಚಿಕೊಂಡವರು?” ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರು ನಗುವ ಗೊಂಬೆ ಹಾಕಿದ್ದರು. ಈ ಇನ್ನೊಬ್ಬರು ಅಷ್ಟೂ ದಿನಗಳಲ್ಲಿ ಎರಡೇ ಸಲ ಬಂದವರು, ಎರಡೂ ಸಲ ಪತ್ರಿಕೆಯವರು ಬರುವ ದಿನವೇ. ಇರಲಿ.

ಆ ಫೋಟೋ ತೆಗೆದವನು ನಾನು.

2020ರ ಏಪ್ರಿಲ್. ದುಡಿಮೆ ನಿಂತು ಮೂರು ವಾರ ಕಳೆದಿದ್ದ ಒಂದು ಓಣಿ. ಅಲ್ಲಿದ್ದವರಲ್ಲಿ ಬಹಳ ಜನರ ಗುರುತಿನ ಚೀಟಿಯಲ್ಲಿ ಬೇರೆ ಊರಿನ ವಿಳಾಸವಿತ್ತು, ಹಾಗಾಗಿ ಸರ್ಕಾರಿ ಪಟ್ಟಿಯಲ್ಲಿ ಅವರು ಇರಲಿಲ್ಲ. ನಮ್ಮ ಚೀಲದಲ್ಲಿ ಅಕ್ಕಿ 5 ಕೆಜಿ, ಬೇಳೆ 1 ಕೆಜಿ, ಎಣ್ಣೆ 1 ಲೀಟರ್, ಉಪ್ಪು 1 ಕೆಜಿ, ಎರಡು ಸಾಬೂನು. ಬೆಳಗ್ಗೆಯಿಂದ ಕೈಮೈಕಿನಲ್ಲಿ “ಯಾರೂ ಮಾಸ್ಕ್ ತೆಗೆಯಬೇಡಿ, ದೂರ ದೂರ ನಿಲ್ಲಿ” ಎಂದು ಕೂಗಿ ನನ್ನ ಗಂಟಲು ಕಟ್ಟಿತ್ತು. ಅದೇ ಗಂಟಲಿನಿಂದ ನಾನು ಆಕೆಗೆ ಹೇಳಿದೆ: “ಮಾಸ್ಕ್ ಸ್ವಲ್ಪ ಕೆಳಗಿಳಿಸಿ ಅಕ್ಕಾ, ಮುಖ ಕಾಣಲಿ.”

“ಫೋಟೋ ಯಾಕೆ ಸರ್?” ಎಂದರು.

“ಲೆಕ್ಕಕ್ಕೆ. ದಾನಿಗಳಿಗೆ ತೋರಿಸಬೇಕು.”

“ಲೆಕ್ಕಕ್ಕೆ ಚೀಲ ಸಾಕಲ್ಲ.”

ಇಷ್ಟು ಹೇಳಿ ಚೀಲವನ್ನು ಎತ್ತಿ ಮುಖದ ಮುಂದೆ ಹಿಡಿದರು. ಕೋಪದಿಂದಲ್ಲ. ಕೊಡೆ ಬಿಚ್ಚುವಷ್ಟು ಸಹಜವಾಗಿ. ಸ್ಯಾನಿಟೈಸರ್ ಹಚ್ಚಿದ ನನ್ನ ಬೆರಳಿಗೆ ಮೊಬೈಲಿನ ಪರದೆ ಮಣಿಯಲಿಲ್ಲ. ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ, ಮತ್ತೆ ಒರೆಸಿಕೊಂಡೆ. ಎಂಟು ಕೆಜಿ ಭಾರವನ್ನು ಅಷ್ಟು ಹೊತ್ತೂ ಅವರು ಇಳಿಸಲಿಲ್ಲ. ತೋಳು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. “ಸಾಕು, ಇಳಿಸಿ” ಎನ್ನುವ ಬುದ್ಧಿ ಬರಲಿಲ್ಲ.

ಈ ವಾರವೆಲ್ಲ ಆ ಒಂದು ಮಾತು ಕಿವಿಯಲ್ಲಿ ಕೂತಿದೆ. ಲೆಕ್ಕಕ್ಕೆ ಚೀಲ ಸಾಕಲ್ಲ. ಸಾಕಿತ್ತು, ನಿಜವಾಗಿಯೂ. ಚೀಲದ ಮೇಲೆ ಸಂಖ್ಯೆ ಬರೆದಿದ್ದರೆ ಲೆಕ್ಕ ಮುಗಿಯುತ್ತಿತ್ತು.

ನಮ್ಮ ಹಿರಿಯರನ್ನು ಬೈಯಲು ನನಗೆ ಮನಸ್ಸಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿ, ಒಂದು ರೂಪಾಯಿ ಆಚೀಚೆಯಾದರೂ ನಿದ್ದೆ ಮಾಡದವರು. ಹಂಚಿಕೆಯೆಂದರೆ ಕಣ್ಣೀರು ಒರೆಸುವುದಲ್ಲ, ದಾಸ್ತಾನು ಪುಸ್ತಕ ಸರಿ ಇಡುವುದು ಎಂದು ನಮಗೆ ಕಲಿಸಿದವರೇ ಅವರು. ಮುಖ್ಯರಸ್ತೆಯ ಪಕ್ಕದ ಮನೆಗಳಿಗೆ ಮೂರು ಮೂರು ತಂಡಗಳ ಕಿಟ್ ಬಂದು, ಒಳಗಿನ ಓಣಿಗಳಿಗೆ ಒಂದೂ ತಲುಪದಿದ್ದುದನ್ನು ಮೊದಲು ಗುರುತಿಸಿದವರೂ ಅವರೇ. ಅಕ್ಕಿ ಕೊಟ್ಟು ಕೈತೊಳೆದುಕೊಂಡರೆ ಆಗದು, ಗ್ಯಾಸ್ ಮುಗಿದ ಮನೆಗೆ ಬೇಯಿಸಿದ ಊಟವೇ ಬೇಕು ಎಂದು ಹಟ ಹಿಡಿದವರೂ ಅವರೇ. ಆದರೆ ದಾನಿಗಳು ಅನುಮಾನಿಸುತ್ತಿದ್ದರು. ಅನುಮಾನದ ಬೆಲೆಯನ್ನು ತೆರಬೇಕಾದವರು ಸಾಲಿನಲ್ಲಿ ನಿಂತವರು. ಫೋಟೋ ತೆಗೆದ ದಿನ ಸಂಜೆಯೇ ಹಿರಿಯರು ಅದನ್ನು ಹಿಂದಕ್ಕೆ ಕಳಿಸಿದ್ದರು: “ಮುಖ ಕಾಣುತ್ತಿಲ್ಲ. ನಾಳೆ ಮತ್ತೊಮ್ಮೆ ತೆಗೆಯಿರಿ.”

ಮರುದಿನ ನಾನು ಆ ಓಣಿಯವರೆಗೂ ಹೋದೆ. ಬಾಗಿಲು ತೆರೆದಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ಬಾಗಿಲು ತಟ್ಟದೆ ತಿರುಗಿ ಬಂದು ಪಟ್ಟಿಯಲ್ಲಿ “ಮನೆಯಲ್ಲಿ ಇರಲಿಲ್ಲ” ಎಂದು ಬರೆದೆ. ಅಷ್ಟೂ ದಿನಗಳಲ್ಲಿ ನಾನು ಬರೆದ ಸುಳ್ಳು ಲೆಕ್ಕ ಅದೊಂದೇ.

ಅದೇ ತಿಂಗಳಲ್ಲಿ ಕೊಲಂಬಿಯಾದ ಸೊವಾಚಾ ಎಂಬಲ್ಲಿ ಹಸಿದ ಮನೆಗಳವರು ಕಿಟಕಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಗ್ವಾಟೆಮಾಲಾದಲ್ಲಿ ಬಿಳಿ ಬಾವುಟ. 2021ರಲ್ಲಿ ಮಲೇಷ್ಯಾದಲ್ಲೂ ಬಿಳಿ ಬಾವುಟವೇ. ನಮ್ಮ ಮನೆಯಲ್ಲಿ ಅನ್ನವಿಲ್ಲ ಎಂದು ಬೀದಿಗೆಲ್ಲ ಸಾರುವುದು ಸಣ್ಣ ಮಾತಲ್ಲ. ಆದರೂ ಅಲ್ಲಿ ಕಾಣುತ್ತಿದ್ದುದು ಬಟ್ಟೆ, ಮುಖವಲ್ಲ. ಹೋ ಚಿ ಮಿನ್ ನಗರದಲ್ಲಿ ಗುಂಡಿ ಒತ್ತಿದರೆ 1.5 ಕೆಜಿ ಅಕ್ಕಿ ಸುರಿಯುವ ಯಂತ್ರ ಇಟ್ಟರು. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು 2021ರ ಏಪ್ರಿಲ್‌ನಲ್ಲಿ ಫಿಲಿಪೀನ್ಸ್‌ನ ಕೆಜೋನ್ ನಗರದ ಮಗಿನ್ಹಾವಾ ಬೀದಿಯಲ್ಲಿ ಒಬ್ಬ ಯುವತಿ ನಿಲ್ಲಿಸಿದ ಬಿದಿರಿನ ತಳ್ಳುಗಾಡಿ. ರಟ್ಟಿನ ಮೇಲೆ ಬರೆದಿದ್ದದ್ದು ಇಷ್ಟೇ: ಕೈಲಾದಷ್ಟು ಕೊಡಿ, ಬೇಕಾದಷ್ಟು ತೆಗೆದುಕೊಳ್ಳಿ. ಪಟ್ಟಿಯಿಲ್ಲ, ಫೋಟೋ ಇಲ್ಲ. ಕೆಲವೇ ದಿನಗಳಲ್ಲಿ ದೇಶದ ತುಂಬ ಅಂಥ ಗಾಡಿಗಳು ಎದ್ದವು. ಸುಮ್ಮನೆ ಬಿಟ್ಟರೇ? ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿದರು, ಪೊಲೀಸರು ಬಂದು ವಿವರ ಕೇಳಿದರು, ಮೊದಲ ಗಾಡಿ ಒಂದು ದಿನ ನಿಲ್ಲಬೇಕಾಯಿತು. ಯಾರು ತೆಗೆದುಕೊಂಡರು ಎಂದು ಬರೆದಿಡದೆ ಕೊಡುವವರನ್ನು ಕಂಡರೆ ಲೋಕಕ್ಕೆ ಅದೇನೋ ಭಯ.

ನಮ್ಮ ಪಟ್ಟಿಯಲ್ಲಿ ಕಿಟ್ ಪಡೆದವರಿಗೆ ಒಂದು ಪದವಿತ್ತು: ಫಲಾನುಭವಿ. ಫಲವನ್ನು ಅನುಭವಿಸುವವರು! ಮೂರು ವಾರ ಕೂಲಿಯಿಲ್ಲದೆ ಕುಳಿತು, ಬಿಸಿಲಿನಲ್ಲಿ ಎರಡು ಗಂಟೆ ನಿಂತು ಉಪ್ಪು, ಬೇಳೆ ಪಡೆದವರು ಯಾವ ಫಲ ಅನುಭವಿಸಿದರೋ ಕಾಣೆ. ಹಾಗೆ ನೋಡಿದರೆ ಫಲ ನಮ್ಮದು. ನಾವು ಸನ್ಮಾನ ಮಾಡಿಸಿಕೊಂಡೆವು, ಶಾಲು ಹೊದ್ದೆವು, ಈಗ ಸಂಚಿಕೆ ತರುತ್ತಿದ್ದೇವೆ. ನನ್ನ ಶಾಲು ಇನ್ನೂ ಕವರಿನಲ್ಲೇ ಇದೆ, ಬಿಸಾಡಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಬುಧವಾರ ಹಿರಿಯರಿಗೆ ಫೋನ್ ಮಾಡಿ, ಅಂದು ನೀವೇ ಬೇಡ ಎಂದಿದ್ದ ಫೋಟೋ ಇದು ಎಂದು ನೆನಪಿಸಿದೆ. “ಹೌದೇನು? ನನಗೆ ನೆನಪಿಲ್ಲವಲ್ಲ” ಎಂದರು. ಆಮೇಲೆ ತುಸು ಸುಮ್ಮನಿದ್ದು, “ಆಕೆ ಈಗ ಎಲ್ಲಿದ್ದಾರೆ?” ಎಂದು ಕೇಳಿದರು. ಆ ಓಣಿ ಈಗ ಇಲ್ಲ ಎಂದೆ. “ಬೇರೆಯದು ಹಾಕೋಣವೇ?” ಎಂದರು. ಬೇಡ, ಇದೇ ಇರಲಿ ಎಂದವನು ನಾನೇ. ಉಳಿದ ಫೋಟೋಗಳಲ್ಲೆಲ್ಲ ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡ ಮುಖಗಳಿದ್ದವು.

ನಿನ್ನೆ ಮುದ್ರಣಾಲಯದ ಹುಡುಗ ಫೋನ್ ಮಾಡಿದ್ದ. “ಸರ್, ಮುಖಪುಟದ ಫೋಟೋ ಕೆಳಗೆ ಒಂದು ಸಾಲು ಬೇಕಂತೆ. ‘ಕಿಟ್ ಸ್ವೀಕರಿಸಿದ ಫಲಾನುಭವಿ’ ಎಂದು ಹಾಕಲೇ?” ಸ್ವಲ್ಪ ತಾಳು ಎಂದು ಹಳೆಯ ದಾಸ್ತಾನು ಪುಸ್ತಕ ತೆಗೆದು, ಅದರಲ್ಲಿದ್ದಂತೆಯೇ ಓದಿ ಬರೆಸಿದೆ: ಅಕ್ಕಿ 5 ಕೆಜಿ, ಬೇಳೆ 1 ಕೆಜಿ, ಎಣ್ಣೆ 1 ಲೀಟರ್, ಉಪ್ಪು 1 ಕೆಜಿ, ಸಾಬೂನು 2.