ದಪ್ಪ ಅಕ್ಷರದ ಒಳಗಿನ ಬಿಳಿ ಜಾಗ

ಫ್ಲೆಕ್ಸ್ ಮಾಡಿಸಲು ಬರುವವರೆಲ್ಲ ಹೇಳುವುದು ಒಂದೇ: "ಅಕ್ಕಾ, ಅಕ್ಷರ ಇನ್ನೂ ದಪ್ಪ ಇರಲಿ, ರೋಡಿನ ಆಚೆಯಿಂದಲೂ ಕಾಣಬೇಕು." ಅವರು ಕೇಳುವುದು ಸರಿಯೇ. ಆದರೆ ಅದಕ್ಕೆ ಎಷ್ಟೋ ಕಡೆ ಮಾಡುವ ಉಪಾಯ ನನಗೆ ಹಿಡಿಸುವುದಿಲ್ಲ. ತೆಳು ಫಾಂಟ್ ತೆಗೆದುಕೊಂಡು, ಕೋರೆಲ್‌ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರದ ಅಂಚಿಗೆ ಗೆರೆ, ಅಂದರೆ ಔಟ್‌ಲೈನ್ ಕೊಟ್ಟು ಊದಿಸಿಬಿಡುತ್ತಾರೆ. ಔಟ್‌ಲೈನ್ ಹೊರಗೆ ಮಾತ್ರ ಅಲ್ಲ, ಒಳಕ್ಕೂ ಬೆಳೆಯುತ್ತದೆ. ಠ ಒಳಗಿನ ಚುಕ್ಕಿ ಗೆರೆಗೆ ಅಂಟಿಕೊಳ್ಳುತ್ತದೆ. ಥ ಮತ್ತು ಧ ಒಂದೇ ಥರ ಕಾಣುತ್ತವೆ. ಣ ಅಂತೂ ಕರಿ ಮುದ್ದೆ.

ನಮ್ಮ ಅಕ್ಷರಗಳ ಗುರುತು ಸಿಗುವುದೇ ಈ ಪುಟ್ಟ ಚುಕ್ಕಿ, ಗೀಟು, ಸಂದುಗಳಿಂದ. ಅವು ಉಳಿಯಬೇಕಾದರೆ ದಪ್ಪ ಅಕ್ಷರವನ್ನು ಮೊದಲಿಂದಲೇ ದಪ್ಪವಾಗಿ ಬರೆಯಬೇಕು, ಆಮೇಲೆ ಊದಿಸಬಾರದು.

'ಬಾಲೂ ತಮ್ಮ' ಅನ್ನುವ ಕನ್ನಡ ಫಾಂಟ್ ನನಗೆ ಇಷ್ಟವಾಗುವುದು ಅದಕ್ಕೇ. ಮುಂಬೈನ ಏಕ್ ಟೈಪ್ ಅನ್ನುವ ಫಾಂಟ್ ವಿನ್ಯಾಸಕರ ತಂಡ ಮಾಡಿದ್ದು. ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್, ಪಂಜಾಬಿಗೆ ಪಾಜಿ ಅಂತ ಇದರ ಅಣ್ಣತಮ್ಮಂದಿರಿದ್ದಾರೆ. ಗೆರೆ ದಪ್ಪ, ಮೂಲೆಗಳು ಉರುಟು. ಆದರೂ ದೊಡ್ಡ ಅಳತೆಯಲ್ಲಿ ಒಳಗಿನ ಬಿಳಿ ಜಾಗ ಉಸಿರಾಡುತ್ತಿರುತ್ತದೆ. ಕನ್ನಡ ಮೊದಲೇ ದುಂಡು ಲಿಪಿ ಅಲ್ವಾ, ಈ ಮೈಕಟ್ಟು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಇದರಲ್ಲಿ ಇಂಗ್ಲಿಷ್ ಅಕ್ಷರಗಳೂ ಇವೆ. ಎನ್, ಯು ತರಹದ ಅಕ್ಷರಗಳಲ್ಲಿ ಚಾಚಿಕೊಂಡಿರುವ ಚೂಪು ತುದಿಯನ್ನು ತೆಗೆದುಹಾಕಿದ್ದಾರೆ. ಹಾಗಾಗಿ ಒಂದೇ ಬೋರ್ಡಿನಲ್ಲಿ ಎರಡೂ ಭಾಷೆ ಜಗಳವಾಡದೆ ಕೂರುತ್ತವೆ.

ಮೊದಲು ಬಂದದ್ದು ಒಂದೇ ದಪ್ಪದಲ್ಲಿ. ಆಮೇಲಿನ ಬಾಲೂ ತಮ್ಮ 2ರಲ್ಲಿ 400ರಿಂದ 800ರವರೆಗೆ ಐದು ತೂಕಗಳಿವೆ, ಅಂದರೆ ದಪ್ಪದ ಹಂತಗಳು; ಸಂಖ್ಯೆ ಹೆಚ್ಚಿದಷ್ಟೂ ಗೆರೆ ದಪ್ಪ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಅಂಗನವಾಡಿ ಗೋಡೆಯ ವರ್ಣಮಾಲೆ, ಜ್ಯೂಸ್ ಅಂಗಡಿ ಬೋರ್ಡ್, ಯೂಟ್ಯೂಬ್ ಥಂಬ್‌ನೇಲ್, ಚಕ್ಕುಲಿ ಪ್ಯಾಕೆಟ್ಟಿನ ಲೇಬಲ್‌ಗೆ ನಾನು ಮೊದಲು ತೆಗೆಯುವುದೇ ಇದನ್ನು. ಭಾವಪೂರ್ಣ ಶ್ರದ್ಧಾಂಜಲಿಗೆ ಮಾತ್ರ ಯಾರು ಕೇಳಿದರೂ ಹಾಕುವುದಿಲ್ಲ. ಇದರ ಮುಖದಲ್ಲಿ ನಗು ಇದೆ, ಅಲ್ಲಿ ಅದು ಬೇಡ.

ಬಳಸುವವರಿಗೆ ಒಂದೆರಡು ಮಾತು. ಇದು ಯುನಿಕೋಡ್ ಫಾಂಟ್, ಅಂದರೆ ಇದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಕೂರಿಸಿದ್ದ ಹಳೇ ಆಸ್ಕಿ ನುಡಿ ಫೈಲಿಗೆ ಸುಮ್ನೆ ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ, ಮೊದಲು ಕನ್ವರ್ಟ್ ಮಾಡಿಕೊಳ್ಳಿ. ಹಳೇ ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಿದ್ದರೆ ಫಾಂಟನ್ನು ಬೈಯಬೇಡಿ. ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಸಾಲುಗಳ ನಡುವೆ ಜಾಗ ಜಾಸ್ತಿ ಕೊಡಿ. 'ರಾಷ್ಟ್ರ' ತರಹದ ಪದದಲ್ಲಿ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲಕಟ್ಟಿಗೆ ತಾಗುತ್ತವೆ. ವಿಳಾಸ, ಫೋನ್ ನಂಬರಿನ ಸಣ್ಣ ಸಾಲುಗಳಿಗೆ 800 ಬೇಡ, 500 ಸಾಕು.