ತೇಲುವ ಬ್ರಿಡ್ಜ್ ಕೇಳಿದವರಿಗೆ ಅಲುಗದ ಬ್ರಿಡ್ಜ್

ಗಿಟಾರ್ ಮಾಡಿಸಿಕೊಳ್ಳಲು ಬರುವ ವೃತ್ತಿಪರರು ಬರಿಗೈಯಲ್ಲಿ ಬರುವುದಿಲ್ಲ. ಮೊಬೈಲಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ: ಇಂಥ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಇಂಥ ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳು ಕೂರುವ ಲೋಹದ ಭಾಗ), ಇಂಥ ಬಣ್ಣ. ಮೈಸೂರಿನಲ್ಲಿ ಗಿಟಾರ್ ಕಟ್ಟುವ ಮತ್ತು ರಿಪೇರಿ ಮಾಡುವ ಕೆಲಸದಲ್ಲಿರುವ ನಾನು ಆ ಪಟ್ಟಿಯನ್ನು ಓದುವ ಮೊದಲು ಅವರ ಕೈಗೆ ಒಂದು ಗಿಟಾರ್ ಕೊಟ್ಟು, ನಾಳೆ ಕಾರ್ಯಕ್ರಮವಿದ್ದರೆ ಏನು ನುಡಿಸುತ್ತೀರೋ ಅದನ್ನೇ ನುಡಿಸಿ ಎನ್ನುತ್ತೇನೆ. ಈ ಅಭ್ಯಾಸ ನನ್ನಲ್ಲಿ ಗಟ್ಟಿಯಾದದ್ದು ಮಂಡ್ಯದ ವಾದಕರೊಬ್ಬರಿಗಾಗಿ ಕಟ್ಟಿದ ಎಲೆಕ್ಟ್ರಿಕ್ ಗಿಟಾರಿನಿಂದ.

ಗಿಟಾರೇ ಅವರ ಹೊಟ್ಟೆಪಾಡು. ಸುಗಮ ಸಂಗೀತದ ತಂಡಗಳಿಗೆ, ವಾದ್ಯಗೋಷ್ಠಿಗಳಿಗೆ ನುಡಿಸುತ್ತಾರೆ. ದಸರಾ ದಿನಗಳಲ್ಲಿ ಅವರಿಗೆ ಬಿಡುವೇ ಇರುವುದಿಲ್ಲ. ಉಳಿದ ಸಮಯದಲ್ಲಿ ಮೃದಂಗದವರೊಬ್ಬರನ್ನು ಜೊತೆಗಿಟ್ಟುಕೊಂಡು ಕರ್ನಾಟಕ ಸಂಗೀತದ ಕೃತಿಗಳನ್ನು ಇದೇ ವಾದ್ಯದಲ್ಲಿ ನುಡಿಸುತ್ತಾರೆ. ಮನಸ್ಸು ಇರುವುದು ಅಲ್ಲಿಯೇ. ಅವರ ಪಟ್ಟಿಯಲ್ಲಿ ಮೂರು ಸಂಗತಿಗಳು ಎದ್ದು ಕಾಣುತ್ತಿದ್ದವು: ಫ್ಲಾಯ್ಡ್ ರೋಸ್ ಬ್ರಿಡ್ಜ್, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗಳು, ಎಲ್ಲ ಲೋಹದ ಭಾಗಗಳಿಗೂ ಚಿನ್ನದ ಲೇಪ.

ಫ್ಲಾಯ್ಡ್ ರೋಸ್ ಒಳ್ಳೆಯ ಬ್ರಿಡ್ಜ್, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಫ್ಲಾಯ್ಡ್ ಡಿ. ರೋಸ್ ಎಂಬ ಅಮೆರಿಕದ ಸಂಗೀತಗಾರ 1970ರ ದಶಕದ ಕೊನೆಯಲ್ಲಿ ರೂಪಿಸಿದ್ದು. ತಂತಿಯನ್ನು ಬೆರಳುಹಲಗೆಯ ತುದಿಯಲ್ಲಿ ಅದಕ್ಕೆ ಆಸರೆಯಾಗುವ ನಟ್‌ನ ಬಳಿಯೂ ಬ್ರಿಡ್ಜ್‌ನ ಬಳಿಯೂ ಲೋಹದ ಹಿಡಿಕೆಗಳಲ್ಲಿ ಬಿಗಿದುಬಿಡುವುದರಿಂದ, ಸ್ವರ ಬಾಗಿಸಲು ಬ್ರಿಡ್ಜ್‌ಗೆ ಜೋಡಿಸಿದ ಸನ್ನೆಕೋಲನ್ನು ಎಷ್ಟು ಒತ್ತಿ ಬಿಟ್ಟರೂ ಶ್ರುತಿ ಹಿಂದಿನ ಜಾಗಕ್ಕೇ ಬಂದು ನಿಲ್ಲುತ್ತದೆ. ರಾಕ್ ಸಂಗೀತಕ್ಕೆ ಅದು ಕೊಟ್ಟದ್ದು ದೊಡ್ಡದು. ಆದರೆ ಅದು ತೇಲುವ ಬ್ರಿಡ್ಜ್. ಮುಂದಿನಿಂದ ಆರು ತಂತಿಗಳು ಸುಮಾರು 45 ಕಿಲೋದಷ್ಟು ಭಾರದಿಂದ ಎಳೆಯುತ್ತಿರುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತಿರುತ್ತವೆ. ಬ್ರಿಡ್ಜ್ ಈ ಎರಡರ ಸಮತೋಲದಲ್ಲಿ ನಿಂತಿರುತ್ತದೆ.

ಮಂಡ್ಯದ ವಾದಕರು ತೋಡಿ ರಾಗ ನುಡಿಸಿದರು. ಗಾಂಧಾರವನ್ನು ಎರಡನೇ ತಂತಿಯ ಮೇಲೆ ಎಳೆದೆಳೆದು ತೂಗುತ್ತಿದ್ದಾಗ ಬಲಗೈ ಹೆಬ್ಬೆರಳು ಕೆಳಗಿನ ಷಡ್ಜ ಪಂಚಮದ ತಂತಿಗಳನ್ನು ವೀಣೆಯ ತಾಳದ ತಂತಿಗಳ ಹಾಗೆ ಮೀಟುತ್ತಿತ್ತು. ನಾನು ನೋಡುತ್ತಿದ್ದದ್ದು ಆ ಹೆಬ್ಬೆರಳನ್ನು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಷಡ್ಜದಿಂದ ಚತುಃಶ್ರುತಿ ರಿಷಭದಷ್ಟು ಎತ್ತರಿಸಬೇಕಾದರೆ ಆ ತಂತಿಯ ಬಿಗಿತ ಸುಮಾರು ಶೇ 26ರಷ್ಟು ಹೆಚ್ಚಬೇಕು. ಸ್ವರದ ಕಂಪನ ಸಂಖ್ಯೆ ಬಿಗಿತದ ವರ್ಗಮೂಲದ ಲೆಕ್ಕದಲ್ಲಿ ಏರುವುದೇ ಇದಕ್ಕೆ ಕಾರಣ. ತೇಲುವ ಬ್ರಿಡ್ಜ್ ಆ ಹೆಚ್ಚಿನ ಸೆಳೆತಕ್ಕೆ ಮುಂದಕ್ಕೆ ಬಾಗುತ್ತದೆ. ಬಾಗಿದ ತಕ್ಷಣ ಮಿಕ್ಕ ಐದು ತಂತಿಗಳು ಸಡಿಲವಾಗುತ್ತವೆ, ಅವುಗಳ ಶ್ರುತಿ ಇಳಿಯುತ್ತದೆ. ಎಂದರೆ ಗಮಕ ಹಾಕಿದಷ್ಟು ಸಲವೂ ಆಧಾರ ಷಡ್ಜವೇ ಅಲುಗಾಡುತ್ತದೆ. ರಾಕ್ ವಾದಕರು ಎಳೆಯುವಾಗ ಸಾಮಾನ್ಯವಾಗಿ ಬೇರೆ ತಂತಿಗಳನ್ನು ಅಂಗೈಯಿಂದ ಮುಚ್ಚಿರುತ್ತಾರೆ, ಹಾಗಾಗಿ ಇದು ಅವರ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಇವರ ಸಂಗೀತದಲ್ಲಿ ಅದಕ್ಕಿಂತ ದೊಡ್ಡ ಕುಂದು ಇನ್ನೊಂದಿಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ಒಪ್ಪಿಗೆಯಾಗುವುದಿಲ್ಲ, ಆಗಬಾರದು ಕೂಡ. ತೇಲುವ ಬ್ರಿಡ್ಜ್‌ಗೆ ಗಿಟಾರಿನ ಒಡಲಲ್ಲಿ ಆಚೆಯಿಂದ ಈಚೆಗೆ ಕುಳಿ ಕೊರೆಯಬೇಕು. ಒಮ್ಮೆ ಕೊರೆದ ಮರ ಮತ್ತೆ ಬರುವುದಿಲ್ಲ. ಅದೃಷ್ಟಕ್ಕೆ ಅವರ ಹಳೆಯ ಗಿಟಾರಿನಲ್ಲಿ ಅಂಥದೇ ತೇಲುವ ಬ್ರಿಡ್ಜ್ ಇತ್ತು. ಹಿಂಬದಿಯ ಮುಚ್ಚಳ ತೆಗೆದು, ಬ್ರಿಡ್ಜ್‌ನ ಲೋಹದ ದಿಮ್ಮಿ ಮತ್ತು ಮರದ ನಡುವೆ ಅಳತೆಗೆ ಕತ್ತರಿಸಿದ ಮರದ ತುಂಡುಗಳನ್ನು ಎರಡೂ ಕಡೆ ಸಿಕ್ಕಿಸಿ ಬ್ರಿಡ್ಜ್ ಅಲುಗದಂತೆ ಮಾಡಿದೆ. ಹೀಗೇ ಕೆಲವು ಕಾರ್ಯಕ್ರಮ ನುಡಿಸಿ ಬನ್ನಿ ಎಂದು ಕಳುಹಿಸಿದೆ.

ವಾಪಸ್ ಬಂದಾಗ ಅವರು ಹೇಳಿದ್ದು: "ಅಣ್ಣ, ಇಷ್ಟು ವರ್ಷ ನನ್ನ ಕೈಯಲ್ಲೇ ಏನೋ ದೋಷವಿದೆ ಎಂದುಕೊಂಡಿದ್ದೆ. ತಂಬೂರಿ ಜೊತೆ ಕೂತಾಗ ಅಪಸ್ವರ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ."

ಆ ಮಾತು ಕೇಳಿ ನನಗೆ ಸಂತೋಷಕ್ಕಿಂತ ಸಂಕಟವಾಯಿತು. ಸಾಧನೆ ಮಾಡಿದ ಕೈಯನ್ನು ಒಂದು ಲೋಹದ ತುಂಡು ಇಷ್ಟು ಕಾಲ ಅನುಮಾನದಲ್ಲಿ ಇಟ್ಟಿತ್ತಲ್ಲ!

ಅಲ್ಲಿಂದ ಮುಂದೆ ನಿರ್ಧಾರಗಳು ಸುಲಭವಾದವು. ಸ್ಥಿರ ಬ್ರಿಡ್ಜ್, ತಂತಿಗಳು ಒಡಲಿನ ಹಿಂದಿನಿಂದ ತೂರಿ ಬರುವ ಬಗೆ. ಸ್ಥಿರ ಬ್ರಿಡ್ಜ್‌ಗೆ ಇನ್ನೂ ಎರಡು ಅನುಕೂಲಗಳಿವೆ, ಎರಡೂ ಅವರ ಅನ್ನಕ್ಕೆ ಸಂಬಂಧಿಸಿದವು. ವೇದಿಕೆಯಲ್ಲಿ ತಂತಿ ತುಂಡಾದರೆ ಉಳಿದ ಐದು ತಂತಿಗಳು ಬಹುಮಟ್ಟಿಗೆ ಶ್ರುತಿಯಲ್ಲೇ ಇರುತ್ತವೆ. ತೇಲುವ ಬ್ರಿಡ್ಜ್‌ನಲ್ಲಾದರೆ ಇಡೀ ವಾದ್ಯ ಕೆಡುತ್ತದೆ, ಮತ್ತು ಅವರ ಹತ್ತಿರ ಎರಡನೇ ಗಿಟಾರ್ ಇರುವುದಿಲ್ಲ. ಇನ್ನೊಂದು, ಗಾಯಕರ ಶ್ರುತಿ ಒಂದೂವರೆ ಇದ್ದರೆ ಮುಂದಿನ ಗಾಯಕಿಯ ಶ್ರುತಿ ಐದೂವರೆ ಇರಬಹುದು. ಹಾಡು ಹಾಡಿಗೂ ಷಡ್ಜ ಬದಲಿಸುವವರು ನಟ್‌ನ ಹಿಡಿಕೆಗಳನ್ನು ಆಲನ್ ಕೀಲಿಯಲ್ಲಿ ಬಿಚ್ಚಿ, ಸ್ಪ್ರಿಂಗ್ ಸಮತೋಲವನ್ನು ಮತ್ತೆ ಹೊಂದಿಸುತ್ತಾ ಕೂರಲು ಸಾಧ್ಯವಿಲ್ಲ.

ನುಡಿಸುವ ಸಂಗೀತಕ್ಕೆ ತಕ್ಕಂತೆ ವಾದ್ಯವನ್ನು ಬದಲಿಸುವುದು ನಮ್ಮ ಸಂಗೀತದಲ್ಲಿ ಹೊಸ ಮಾತೇನಲ್ಲ. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಕಛೇರಿಯಲ್ಲಿ ಪಿಟೀಲಿನ ನಾದ ಕೊನೆಯ ಸಾಲಿಗೂ ಮುಟ್ಟಲೆಂದು ತಂತಿಗಳನ್ನು ಜೋಡಿ ಮಾಡಿ ಏಳು ತಂತಿಯ ಪಿಟೀಲು ನುಡಿಸಿದರು. ಯು. ಶ್ರೀನಿವಾಸ್ ಅವರು ಮ್ಯಾಂಡೊಲಿನ್‌ನ ಜೋಡಿ ತಂತಿಗಳನ್ನೇ ಬಿಟ್ಟು, ವಿದ್ಯುತ್ ಮ್ಯಾಂಡೊಲಿನ್‌ಗೆ ಒಂಟಿ ತಂತಿಗಳನ್ನು ಕಟ್ಟಿಕೊಂಡರು. ಒಬ್ಬರು ಕೂಡಿಸಿದರು, ಇನ್ನೊಬ್ಬರು ಕಳೆದರು, ಇಬ್ಬರೂ ಹೊರಟದ್ದು ತಾವು ನುಡಿಸುವ ಸಂಗೀತದಿಂದ. ಹಾರ್ಡ್‌ವೇರ್ ಬಗ್ಗೆ ಯಾರಾದರೂ ನನ್ನೊಡನೆ ವಾದಕ್ಕೆ ನಿಂತರೆ ನಾನು ಈ ಇಬ್ಬರನ್ನು ನೆನೆಯುತ್ತೇನೆ.

ಚಿನ್ನದ ಲೇಪದ ಆಸೆಯನ್ನೂ ಬಿಡಿಸಿದೆ. ಅದು ಬಹಳ ತೆಳು. ಬೆವರುವ ಅಂಗೈ ದಿನವೂ ಒರಗುವ ಬ್ರಿಡ್ಜ್‌ನ ಮೇಲೆ ಬೇಗ ಸವೆದು ಮಾಸುತ್ತದೆ. ಬದಲಿಗೆ ಬ್ರಿಡ್ಜ್‌ನಲ್ಲಿ ಒಂದೊಂದು ತಂತಿಯೂ ಕೂರುವ ಸ್ಯಾಡಲ್‌ಗಳನ್ನೂ ಅವುಗಳ ಎತ್ತರದ ಸಣ್ಣ ಸ್ಕ್ರೂಗಳನ್ನೂ ತುಕ್ಕು ಹಿಡಿಯದ ಉಕ್ಕಿನದೇ ಹಾಕಿದೆ. ರಿಪೇರಿಗೆ ಬರುವ ಗಿಟಾರುಗಳಲ್ಲಿ ತುಕ್ಕು ತಿಂದು ಕದಲದೆ ನಿಂತ ಆ ಸ್ಕ್ರೂಗಳನ್ನು ಎಷ್ಟು ನೋಡಿದ್ದೇನೋ.

ಹೀಗೆ ಉಳಿದ ಹಣ ಬೆರಳುಹಲಗೆಯ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ಹೋಯಿತು. ಸಾಮಾನ್ಯ ಫ್ರೆಟ್‌ಗೆ ನಿಕಲ್ ಸಿಲ್ವರ್ ಎಂದು ಹೆಸರು, ಅದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು. ಪಕ್ಕಕ್ಕೆ ಎಳೆದು ಉಜ್ಜುವ ಕೈಗೆ ಅದು ಬೇಗ ಗುಳಿ ಬೀಳುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಫ್ರೆಟ್ ಅರಕ್ಕೆ ಮಣಿಯುವುದು ಕಷ್ಟ, ಕೂಲಿ ಹೆಚ್ಚು. ಆದರೆ ಅದರ ಮೇಲೆ ತಂತಿ ಎಣ್ಣೆ ಹಾಕಿದಂತೆ ಜಾರುತ್ತದೆ. ಬೆರಳ ತುದಿ ಮರಕ್ಕೆ ತಾಗದೆ ತಂತಿಯ ಅಡಿ ಹಿಡಿತ ಸಿಗಲೆಂದು 1.4 ಮಿಲಿಮೀಟರ್ ಎತ್ತರದ ಫ್ರೆಟ್ ಆರಿಸಿದೆ. ಬೆರಳುಹಲಗೆಯ ದುಂಡನ್ನು ನಟ್‌ನ ಕಡೆ 12 ಇಂಚು ತ್ರಿಜ್ಯದಿಂದ ಒಡಲಿನ ಕಡೆ 16 ಇಂಚಿಗೆ ಚಪ್ಪಟೆಯಾಗಿಸಿದೆ. ಫೆಂಡರ್ ಕಂಪನಿಯ ಹಳೆಯ ಗಿಟಾರುಗಳ 7.25 ಇಂಚಿನ ದುಂಡಿನ ಮೇಲೆ ಪಕ್ಕಕ್ಕೆ ತುಂಬ ಎಳೆದರೆ ತಂತಿ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ತಂತಿಯ ಉದ್ದ 25.5 ಇಂಚಿನ ಬದಲು 24.75. ಅದೇ ಶ್ರುತಿಗೆ ಬಿಗಿತ ಸುಮಾರು ಶೇ 6ರಷ್ಟು ಕಡಿಮೆಯಾಗುತ್ತದೆ. ಮೂರು ಗಂಟೆ ನುಡಿಸುವ ಬೆರಳಿಗೆ ಅದು ಗೊತ್ತಾಗುತ್ತದೆ. ಮರದ ಬಗ್ಗೆ ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ, ನನ್ನ ಮಟ್ಟಿಗೆ ಈ ಗಿಟಾರಿನ ಹಣೆಬರಹ ನಿರ್ಧಾರವಾದದ್ದು ಫ್ರೆಟ್ ಮತ್ತು ನಟ್‌ನಲ್ಲಿ.

ನಟ್ ಮೂಳೆಯದು. ಅದರಲ್ಲಿ ತಂತಿ ಕೂರುವ ಗೀರು ತೋಡುವ ಕೆಲಸವನ್ನು ನಾನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳುತ್ತೇನೆ, ಕಿವಿ ಆಗ ಚುರುಕಾಗಿರುತ್ತದೆ. ಗೀರು ತಂತಿಗಿಂತ ಕೂದಲೆಳೆಯಷ್ಟೇ ಅಗಲ ಇರಬೇಕು, ಬಿರಡೆಗಳ ಕಡೆಗೆ ಇಳಿಜಾರಾಗಿರಬೇಕು, ತಂತಿ ಕೂರುವುದು ಬೆರಳುಹಲಗೆಯ ಕಡೆಯ ಅಂಚಿನಲ್ಲಿ. ಅರವನ್ನು ಎರಡು ಸಲ ಎಳೆದು, ತಂತಿ ಕೂರಿಸಿ, ಬಿರಡೆ ತಿರುಗಿಸಿ ಕೇಳಬೇಕು. ಮೂರನೇ ತಂತಿಯಿಂದ 'ಟಿಣ್' ಎಂಬ ಸಣ್ಣ ಸದ್ದು ಬಂದರೆ ತಂತಿ ಗೀರಿನಲ್ಲಿ ಸಿಕ್ಕಿಕೊಂಡು ಚಿಮ್ಮುತ್ತಿದೆ ಎಂದರ್ಥ. ಸ್ಥಿರ ಬ್ರಿಡ್ಜ್ ಇದ್ದರೂ ಇಲ್ಲಿ ತಂತಿ ಸಿಕ್ಕಿಕೊಂಡರೆ ಪ್ರತಿ ಗಮಕದ ನಂತರ ಶ್ರುತಿ ಸರಿದಿರುತ್ತದೆ. ಇದೇ ಕಾರಣಕ್ಕೆ ಗಿಟಾರಿನ ತಲೆಯನ್ನು ತಂತಿಗಳು ನಟ್‌ನಿಂದ ಬಿರಡೆಗೆ ನೇರವಾಗಿ ಹೋಗುವಂತೆ ರೂಪಿಸಿದೆ. ಬಿರಡೆಗಳು 18:1 ಹಲ್ಲಿನ, ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಬಗೆಯವು. ತಂತಿಯನ್ನು ಸುತ್ತು ಸುತ್ತಾಗಿ ಸುತ್ತಬೇಕಿಲ್ಲದ್ದರಿಂದ ಸಡಿಲವಾಗಲು ಅವಕಾಶ ಕಡಿಮೆ, ವೇದಿಕೆಯಲ್ಲಿ ತಂತಿ ಬದಲಿಸುವುದೂ ಬೇಗ.

ಪಿಕಪ್ ವಿಷಯದಲ್ಲಿ ಅವರು ಸುಲಭಕ್ಕೆ ಬಿಟ್ಟುಕೊಡಲಿಲ್ಲ, ಅವರ ಹಟದಲ್ಲಿ ನ್ಯಾಯವಿತ್ತು. ಸಿಂಗಲ್ ಕಾಯಿಲ್‌ನ ತಿಳಿಯಾದ ದನಿಯಲ್ಲಿ ಗಮಕದ ಒಳಗೆರೆಗಳು ಕೇಳಿಸುತ್ತವೆ. ಆದರೆ ಜಾತ್ರೆಯ ವೇದಿಕೆಯಲ್ಲಿ ಜನರೇಟರ್, ಸೀರಿಯಲ್ ದೀಪಗಳು, ಡಿಮ್ಮರ್‌ಗಳ ನಡುವೆ ಅದೇ ಪಿಕಪ್ 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಸೇಠ್ ಲವರ್ ಎಂಬ ಇಂಜಿನಿಯರ್ 1955ರಲ್ಲಿ ಗಿಬ್ಸನ್ ಕಂಪನಿಗಾಗಿ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿಗಳಿರುತ್ತವೆ. ಸುತ್ತೂ ವಿರುದ್ಧ, ಅಯಸ್ಕಾಂತದ ಧ್ರುವವೂ ವಿರುದ್ಧ. ಹೊರಗಿನ ಗದ್ದಲ ಒಂದರಲ್ಲೊಂದು ಕರಗುತ್ತದೆ, ತಂತಿಯ ದನಿ ಕೂಡಿಕೊಳ್ಳುತ್ತದೆ. ಒಂದು ಸುರುಳಿಯನ್ನು ಆರಿಸುವ ಸ್ವಿಚ್ ಹಾಕಿದರೆ ದನಿ ತಿಳಿಯಾಗುತ್ತದೆ, ಗುಂಯ್ ಸದ್ದು ಮರಳುತ್ತದೆ. ಹಾಗಾಗಿ ಎರಡೂ ಸುರುಳಿಗಳನ್ನು ಸಮಾಂತರವಾಗಿ ಜೋಡಿಸುವ ಸ್ವಿಚ್ ಕೊಟ್ಟೆ. ದನಿಯ ಬಲ ಸ್ವಲ್ಪ ತಗ್ಗಿ ತಿಳಿಯಾಗುತ್ತದೆ, ಗದ್ದಲ ಮಾತ್ರ ಒಳಗೆ ಬರುವುದಿಲ್ಲ. ಗದ್ದಲ ತಡೆಯಲು ಒಡಲಿನ ಕುಳಿಗಳಿಗೆಲ್ಲ ತಾಮ್ರದ ಹಾಳೆ ಅಂಟಿಸಿದೆ.

ಈ ಹಾಳೆ ವಿದ್ಯುತ್ ಆಘಾತದಿಂದ ಕಾಪಾಡುವುದಿಲ್ಲ, ಇದನ್ನು ಎಲ್ಲ ವಾದಕರಿಗೂ ಹೇಳುತ್ತೇನೆ. ತಂತಿಗಳು ಬ್ರಿಡ್ಜ್ ಮೂಲಕ ಆಂಪ್ಲಿಫೈಯರ್‌ನ ಅರ್ತಿಂಗ್‌ಗೆ ಸೇರಿರುತ್ತವೆ. ವೇದಿಕೆಯ ಅರ್ತಿಂಗ್ ಕೆಟ್ಟಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜೀವಕ್ಕೇ ಅಪಾಯ. ಪೆಂಡಾಲಿನ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿದ ಮೇಲಷ್ಟೇ ನುಡಿಸಬೇಕು.

ವಾಲ್ಯೂಮ್ ಗುಬ್ಬಿಯನ್ನು ಬ್ರಿಡ್ಜ್ ಪಿಕಪ್‌ನ ಪಕ್ಕದಲ್ಲೇ, ಅವರ ಕಿರುಬೆರಳು ಎಟುಕುವಲ್ಲಿ ಇಟ್ಟೆ. ಮೀಟಿನ ಸದ್ದನ್ನು ಮರೆಸಿ ಪಿಟೀಲಿನಂತೆ ಸ್ವರವನ್ನು ಅರಳಿಸುವುದು ಅವರ ವಿಶೇಷ, ಅದಕ್ಕೆ ಗುಬ್ಬಿ ಹಗುರವಾಗಿ ತಿರುಗಬೇಕು. ಗುಬ್ಬಿಯ ಅಡಿಯಲ್ಲಿ ದನಿಯನ್ನು ಏರಿಳಿಸುವ ಭಾಗವಾದ ಪಾಟ್ 500 ಕಿಲೋಓಮ್‌ನದು. ತಗ್ಗಿಸಿದಾಗ ದನಿ ಮಂಕಾಗದಿರಲು 1000 ಪಿಕೋಫ್ಯಾರಡ್‌ನ ಕೆಪಾಸಿಟರ್, ಅದರ ಜೊತೆಗೆ 150 ಕಿಲೋಓಮ್‌ನ ರೆಸಿಸ್ಟರ್ ಬೆಸೆದೆ.

ಕೊನೆಯ ಕೆಲಸ ಕೇಬಲ್ ಚುಚ್ಚುವ ಜ್ಯಾಕ್. ನನ್ನ ಮೇಜಿಗೆ ಬರುವ ಗಿಟಾರುಗಳಲ್ಲಿ ಅತಿ ಹೆಚ್ಚು ಕೆಡುವುದು ಅದೇ. ಕೊಳವೆಯಾಕಾರದ ಚಂದದ ಜ್ಯಾಕ್ ಬಿಟ್ಟು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ತೆರೆದ ಬಗೆಯ 6.35 ಮಿಲಿಮೀಟರ್ ಜ್ಯಾಕನ್ನು ದಪ್ಪ ಲೋಹದ ಫಲಕಕ್ಕೆ ಬಿಗಿದೆ. ಹಿಂಬದಿ ಮುಚ್ಚಳದ ಒಳಮೈಗೆ ವೈರಿಂಗ್ ನಕ್ಷೆ, ಪಾಟ್‌ಗಳ ಮೌಲ್ಯ, ಸ್ಕ್ರೂಗಳ ಅಳತೆ ಎಲ್ಲವನ್ನೂ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಕಾರ್ಯಕ್ರಮದ ದಿನ ಏನಾದರೂ ಕೈಕೊಟ್ಟರೆ ಅವರು ಮೈಸೂರಿನವರೆಗೆ ಬರಬೇಕಾಗಿಲ್ಲ. ಬೆಸುಗೆ ಕಡ್ಡಿ ಹಿಡಿಯಬಲ್ಲ ಯಾವ ರೇಡಿಯೋ ರಿಪೇರಿಯವರೂ ಮಂಡ್ಯದಲ್ಲೇ ಅದನ್ನು ಸರಿಮಾಡಿಕೊಡಬಹುದು.